ಕುಟ್ಟಿ ಕೊಟ್ಟ ಮಾತ್ರೆ

ಗಂಡನಿಗೆ ಕೊಡುತ್ತಿದ್ದ ಮಾತ್ರೆಯನ್ನೇ ಡಾಕ್ಟರು ನಾಯಿಗೂ ಬರೆದುಕೊಟ್ಟರೆ ಯಾರ ಮರ್ಯಾದೆ ಹೋದಂತೆ, ಹೇಳಿ ನೋಡೋಣ — ಗಂಡನದೋ, ನಾಯಿಯದೋ?

ಹೋದದ್ದು ನನ್ನದು. ಕುಟ್ಟಬಾರದ ಆ ಮಾತ್ರೆಯನ್ನು ನಾನು ಇಬ್ಬರಿಗೂ ಕುಟ್ಟಿ ಪುಡಿ ಮಾಡಿ ಕೊಟ್ಟೆ. ನಾಯಿಗೆ ಕೊಟ್ಟದ್ದನ್ನು ಅಂದೇ ಒಪ್ಪಿಕೊಂಡೆ. ಗಂಡನಿಗೆ ಕೊಟ್ಟದ್ದನ್ನು — ಮಗಳು ನೇರವಾಗಿ ಕೇಳಿದಾಗಲೂ — ಇಲ್ಲವೆಂದೆ.

ಮೊಮ್ಮಗಳು ಹೇಳಿಕೊಟ್ಟಿದ್ದಾಳೆ ಎಂದು ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ. ಈ ಫೋನು ಬಹಳ ಚಾಲಾಕಿ. ‘ನಾನು’ ಎಂದು ಒತ್ತಿದರೆ ಸಾಕು, ‘ಚೆನ್ನಾಗಿದ್ದೇನೆ’ ಎಂದು ಮುಂದಿನ ಪದವನ್ನು ತಾನೇ ತಂದು ಮುಂದಿಡುತ್ತದೆ. ಇಷ್ಟು ವರ್ಷ ನಾನೂ ಅದನ್ನೇ ಒತ್ತಿಕೊಂಡು ಬಂದೆ. ಇವತ್ತು ಬೇರೆ ಪದ ಹುಡುಕಬೇಕು.

ನಮ್ಮ ಯಜಮಾನರು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಬಫಿಂಗ್ ಕೆಲಸಕ್ಕಿದ್ದರು. ಗರಗರ ತಿರುಗುವ ಚಕ್ರಕ್ಕೆ ಸ್ಟೀಲಿನ ಸಾಮಾನು ಹಿಡಿದು ಹೊಳಪು ಬರಿಸುವುದು. ಹೊಳಪು ಸಾಮಾನಿಗೆ, ದೂಳು ಇವರ ಎದೆಗೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ, “ಅಂಗ್ ಕಟ್ಕಂಡ್ರೆ ಬೀಡಿ ಎಲ್ಲಿ ಇಟ್ಕಳ್ಳೇ?” ಎಂದು ನನ್ನನ್ನೇ ಕೇಳುತ್ತಿದ್ದರು. ಕೆಲಸ ಬಿಟ್ಟ ದಿನ ಕಾರ್ಖಾನೆಯವರು ಹೊದಿಸಿದ ಶಾಲನ್ನು ಭುಜಕ್ಕೆ ಹಾಕಿಕೊಂಡು, ಕಾರ್ಖಾನೆಯ ಗೇಟಿನಲ್ಲಿ ಮಲಗುತ್ತಿದ್ದ ಒಂದು ನಾಯಿಮರಿಯನ್ನು ಟಿಫಿನ್ ಬ್ಯಾಗಿನೊಳಗೆ ಕೂರಿಸಿಕೊಂಡು ನಾಗಸಂದ್ರದ ಮನೆಗೆ ಬಂದರು. ಅದಕ್ಕೆ ಇಟ್ಟ ಹೆಸರು ಫೋರ್‌ಮನ್. ದುಡಿದಷ್ಟು ಕಾಲವೂ ಫೋರ್‌ಮನ್ ಹೇಳಿದಂತೆ ಎದ್ದು ಕೂತವರಲ್ಲವೇ! ಬೆಳಗಾದರೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, “ಫೋರ್‌ಮನ್, ಕೂತ್ಕಳಲಾ! ಫೋರ್‌ಮನ್, ಬಾಲ ಅಳ್ಳಾಡ್ಸಲಾ!” ಎಂದು ಹುಕುಂ ಮಾಡಿ ಬೀದಿಗೆಲ್ಲ ಕೇಳುವಂತೆ ನಗುತ್ತಿದ್ದರು. ನಗು ಮುಗಿಯುವ ಮೊದಲೇ ಕೆಮ್ಮು ಬರುತ್ತಿತ್ತು.

ಕೆಮ್ಮು ಉಬ್ಬಸವಾಯಿತು. ಆಸ್ಪತ್ರೆಯಲ್ಲಿ ಉಸಿರಿಗೆಂದು, ಎದೆಗೆಂದು ಒಂದು ಮಾತ್ರೆ ಕೊಟ್ಟರು. ಬೀಡಿ, ಎಲೆ ಅಡಿಕೆ ಎರಡನ್ನೂ ಬಿಡಿಸಿದರು. ಇವರಿಗೆ ಹಲ್ಲು ಉದುರಿದಂದಿನಿಂದ ನಾನೇ ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಕೊಡುತ್ತಿದ್ದೆ — ಅಂಗೈಯಷ್ಟು ಎತ್ತರದ ಹಿತ್ತಾಳೆಯದು, ನನ್ನ ಅತ್ತೆಯದು. ಅದು ಮೂಲೆ ಸೇರಿತು. ಈ ಮಾತ್ರೆಯೋ ದಪ್ಪ, ಇವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನೀರು ಕುಡಿದು, ಕೆಮ್ಮಿ, ಹೊರಗೆ ಉಗುಳಿಬಿಡುತ್ತಿದ್ದರು. ನನಗೆ ಉಪಾಯ ಹೊಳೆಯಿತು. ಮಾತ್ರೆಯನ್ನು ಕುಟ್ಟಾಣಿಗೆ ಹಾಕಿ ಟಕಟಕ ಕುಟ್ಟಿ, ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸಿದೆ. ಎಷ್ಟು ಜಾಣೆ ನಾನು ಎಂದುಕೊಂಡೆ.

ಆಸ್ಪತ್ರೆಯವರು ಹೇಳಿರಲಿಲ್ಲವೇ ಎಂದು ಕೇಳುತ್ತೀರಿ. ಹೇಳಿದ್ದರು. ಮಾತ್ರೆ ಕೈಗಿಡುವಾಗ ನರ್ಸು, “ಇದನ್ನ ಹಾಗೇ ನುಂಗಿಸ್ಬೇಕು ಅಜ್ಜಿ” ಎಂದಿದ್ದಳು. ನಾನು ತಲೆಯಾಡಿಸಿದ್ದೆ. ನುಂಗಿದರೇನು, ನೆಕ್ಕಿದರೇನು, ಎಲ್ಲವೂ ಹೋಗುವುದು ಒಂದೇ ಹೊಟ್ಟೆಗೆ ತಾನೇ — ಇದು ನನ್ನ ತಿಳಿವಳಿಕೆ.

ಆಮೇಲೆ ಇವರಿಗೆ ನಿದ್ದೆ ಹೋಯಿತು. ಕೈ ನಡುಗತೊಡಗಿತು. ತಿಂದದ್ದು ನಿಲ್ಲುತ್ತಿರಲಿಲ್ಲ. ಕುಟ್ಟಾಣಿಯ ಸದ್ದು ಕೇಳಿದರೆ ಸಾಕು, ಗೋಡೆಯ ಕಡೆಗೆ ಹೊರಳಿ ಮಲಗಿಬಿಡುತ್ತಿದ್ದರು.

“ಬ್ಯಾಡ ಕಣೇ. ಆ ಪುಡಿ ತಿಂದ್ರೆ ಎದೆ ಬಫಿಂಗ್ ಮಿಸಿನ್ ಓಡ್ದಂಗೆ ಓಡ್ತದೆ.”

“ಕೆಲ್ಸ ಬಿಟ್ಟು ಎಷ್ಟ್ ಕಾಲ ಆಯ್ತು, ಇನ್ನೂ ಮಿಷಿನ್ ಜ್ಞಾನನಾ? ಬಾಯ್ ತೆಗೀರಿ,” ಎನ್ನುತ್ತಿದ್ದೆ ನಾನು. ಅಕ್ಕಪಕ್ಕದವರಿಗೆ ಇವರಂತೆ ನಡೆದು ತೋರಿಸಿ, ಇವರಂತೆ ನರಳಿ ತೋರಿಸಿ ನಗಿಸಿದ್ದೂ ಉಂಟು. ನನಗೆ ಆ ಕಲೆ ಚೆನ್ನಾಗಿ ಬರುತ್ತದೆ. ಒಂದು ಸಲ ಹಾಗೆ ನರಳಿ ತೋರಿಸುವಾಗ ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಹೋಗಿ ಮಲಗಿದರು. ಆ ಮುಖ —

ಇರಲಿ. ಮುಂದಿನದನ್ನು ಹೇಳಬೇಕು.

ಒಬ್ಬಳೇ ಮಗಳು ಲತಾ. ನಮ್ಮದೇ ಮನೆಯ ಮೇಲಂತಸ್ತಿನಲ್ಲಿ ಗಂಡ, ಮಗಳೊಂದಿಗೆ ಇದ್ದಾಳೆ, ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ದಿನವೂ ಕೆಳಗಿಳಿದು ಅಪ್ಪನಿಗೆ ಹೇಳಿಯೇ ಕೆಲಸಕ್ಕೆ ಹೋಗುವ ರೂಢಿ. ಒಂದು ದಿನ ಬೆಳಿಗ್ಗೆ ಇವರು ಅವಳ ವೇಲಿನ ತುದಿ ಹಿಡಿದುಕೊಂಡರು.

“ಇವತ್ತೊಂದಿನ ಇರವ್ವ. ಎದೆ ಒಂಥರಾ ಆಡ್ತಾ ಐತೆ.”

ಲತಾ ನನ್ನ ಮುಖ ನೋಡಿದಳು. ನನ್ನ ಕೈಯಲ್ಲಿ ಜೇನುತುಪ್ಪದ ಚಮಚವಿತ್ತು.

“ನಾಟಕ ಕಣೇ ಅವರ್ದು. ಮಾತ್ರೆ ತಪ್ಪಿಸ್ಕೊಳ್ಳೋಕೆ ಕಳ್ಳಾಟ. ನೀನ್ ಹೋಗು,” ಎಂದೆ.

ಅವಳು ಅಪ್ಪನ ಬೆರಳುಗಳನ್ನು ಮೆಲ್ಲಗೆ ಬಿಡಿಸಿಕೊಂಡು ಹೋದಳು. ನಾನು ಚಮಚ ಬಾಯಿಗಿಟ್ಟೆ. ಊಟದ ಹೊತ್ತಿಗೆ ಅವರು ಮಂಚದ ಮೇಲೆ ಎದ್ದು ಕೂತು, ಎದೆ ಒತ್ತಿ ಹಿಡಿದುಕೊಂಡು, ಬೆವೆತು — ಪಕ್ಕದ ಮನೆಯವರು ಆಟೋ ಕರೆತರುವ ಮೊದಲೇ ಮುಗಿದಿತ್ತು. ಲತಾ ಬಂದಾಗ ಅವಳ ಕುತ್ತಿಗೆಯಲ್ಲಿ ಕಾರ್ಖಾನೆಯ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಮಂಚದ ಕೆಳಗಿದ್ದ ಫೋರ್‌ಮನ್ ಯಾರು ಕರೆದರೂ ಹೊರಗೆ ಬರಲಿಲ್ಲ.

ವರ್ಷಗಳಾದವು. ಫೋರ್‌ಮನ್‌ಗೆ ಮುಪ್ಪು ಬಂತು. ಅದಕ್ಕೂ ಕೆಮ್ಮು, ಅದಕ್ಕೂ ಏದುಸಿರು. ಲತಾ ನಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದು ಮಾತ್ರೆಯ ಶೀಟನ್ನು ಕೈಗಿಟ್ಟಳು. ನೋಡಿದರೆ ಅದೇ ಬಣ್ಣ, ಅದೇ ದಪ್ಪ!

“ಇದು ನಿಮ್ಮಪ್ಪನ ಮಾತ್ರೆ ಅಲ್ವೇನೇ?”

“ಹೂಂ ಅಮ್ಮಾ. ನಾಯಿಗೂ ಇದನ್ನೇ ಕೊಡ್ತಾರಂತೆ. ಅದರ ತೂಕ ನೋಡಿ ಎಷ್ಟು ಅಂತ ಬರ್ದಿದಾರೆ. ಮನುಷ್ಯರ ಮೆಡಿಕಲ್ ಶಾಪಲ್ಲೇ ಸಿಕ್ತು.”

“ನೋಡಪ್ಪಾ, ಕೊನೆಗೂ ಫೋರ್‌ಮನ್ನೂ ಬಫಿಂಗ್‌ನೋನೂ ಒಂದೇ ಗ್ರೇಡಿಗೆ ಬಂದ್ರು!” ಎಂದು ನಾನೇ ಮೊದಲು ನಕ್ಕೆ.

ನಾಯಿ ಮಾತ್ರೆಯನ್ನು ಉಗುಳಿತು. ನನಗೆ ಉಪಾಯ ಗೊತ್ತೇ ಇತ್ತಲ್ಲ. ಕುಟ್ಟಾಣಿ ಮೂಲೆಯಿಂದ ಮತ್ತೆ ಹೊರಗೆ ಬಂತು. ಪುಡಿಯನ್ನು ರಾಗಿಮುದ್ದೆಯೊಳಗಿಟ್ಟು ತಿನ್ನಿಸಿದೆ. ಮರುದಿನವೂ ತಿನ್ನಿಸಿದೆ. ಫೋರ್‌ಮನ್ ವಾಂತಿ ಮಾಡಿತು, ಮಲಗಲಾರದೆ ಮನೆ ತುಂಬ ಸುತ್ತಿತು. ಎದೆಯ ಮೇಲೆ ಕೈಯಿಟ್ಟರೆ ಒಳಗೆ ಯಾರೋ ಬಾಗಿಲು ಬಡಿದಂತೆ. ಲತಾ ಮತ್ತು ನಾನು ಆಟೋದಲ್ಲಿ ಅದನ್ನು ಮಡಿಲಲ್ಲಿ ಹಾಕಿಕೊಂಡು ಓಡಿದೆವು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. “ಅಜ್ಜಿ, ಮಾತ್ರೆ ಹೇಗೆ ಕೊಟ್ರಿ?”

“ಕುಟ್ಟಿ ಮುದ್ದೇಲಿಟ್ಟು ಕೊಟ್ಟೆ ಡಾಕ್ಟ್ರೇ. ಇಡೀದು ಕೊಟ್ರೆ ಉಗೀತಾನೆ. ಫೋರ್‌ಮನ್ ಅಲ್ವಾ, ಅಷ್ಟು ಸುಲಭಕ್ಕೆ ಮಾತು ಕೇಳ್ತಾನಾ?”

ಯಾರೂ ನಗಲಿಲ್ಲ.

“ಅಯ್ಯೋ, ಇದನ್ನ ಕುಟ್ಟಲೇಬಾರ್ದು ಅಜ್ಜಿ. ದಿನವಿಡೀ ಸ್ವಲ್ಪ ಸ್ವಲ್ಪವೇ ಕರಗೋ ಥರ ಮಾಡಿರೋ ಮಾತ್ರೆ ಇದು. ಪುಡಿ ಮಾಡಿದ್ರೆ ಎಲ್ಲಾ ಒಂದೇ ಸಲಕ್ಕೆ ಮೈಗೆ ಹೋಗ್ಬಿಡತ್ತೆ. ಎದೆ ಹೀಗೇ ಹೊಡ್ಕೊಳತ್ತೆ, ವಾಂತಿ ಆಗತ್ತೆ, ನಿದ್ದೆ ಬರಲ್ಲ, ನಡುಕ… ಮನುಷ್ಯರಿಗಾದ್ರೂ ಅಷ್ಟೇ.”

ಮನುಷ್ಯರಿಗಾದರೂ ಅಷ್ಟೇ. ಅವಳು ನಾಯಿಯ ಮೈ ಸವರುತ್ತ ಹೇಳಿದ ಮಾತು. ನನಗೆ ಕೇಳಿಸಿದ್ದು ಮಾತ್ರ ಗೋಡೆಯ ಕಡೆ ಹೊರಳಿದ ಬೆನ್ನು — ಬ್ಯಾಡ ಕಣೇ, ಬ್ಯಾಡ ಕಣೇ. ಅಲ್ಲಿಯೇ ನೆಲದ ಮೇಲೆ ಕೂತು ನಾಯಿಯ ಕುತ್ತಿಗೆ ತಬ್ಬಿಕೊಂಡು, “ಫೋರ್‌ಮನ್ನಪ್ಪಾ, ತಪ್ಪಾಯ್ತು ಕಣಪ್ಪಾ” ಎಂದು ಗೋಳಾಡಿದೆ. ನಾಯಿಯ ಮೇಲೆ ಎಷ್ಟು ಪ್ರೀತಿ ಈ ಅಜ್ಜಿಗೆ ಎಂದುಕೊಂಡು ಯಾರೋ ನೀರು ತಂದುಕೊಟ್ಟರು. ಕುಡಿದೆ.

ಫೋರ್‌ಮನ್ ಉಳಿಯಿತು. ವಾಪಸು ಬರುವಾಗ ಆಟೋದಲ್ಲಿ ಲತಾ ಕೇಳಿದಳು: “ಅಮ್ಮಾ, ಅಪ್ಪನಿಗೂ ಕುಟ್ಟಿ ಕೊಡ್ತಿದ್ಯಾ?”

“ಇಲ್ವಲ್ಲ. ಅವರು ನೀರಲ್ಲಿ ಗಟಕ್ಕಂತ ನುಂಗ್ತಿದ್ರು.”

ನಾಲಿಗೆ ತಡವರಿಸಲೂ ಇಲ್ಲ. ಆ ಸಂಜೆಯೇ ಕುಟ್ಟಾಣಿಯನ್ನು ಹಳೇ ಕಬ್ಬಿಣ ಕೊಳ್ಳುವವನ ಗಾಡಿಗೆ ಹಾಕಿದೆ.

ಆ ಪುಡಿಯಿಂದಲೇ ಅವರು ಹೋದರೋ, ಎದೆ ಮೊದಲೇ ಸೋತಿತ್ತೋ — ಅದನ್ನು ಈಗ ಯಾರೂ ಹೇಳಲಾರರು. ಗೊತ್ತಿಲ್ಲ ಎಂಬ ಮಾತಿನ ಹಿಂದೆ ಅಡಗಿಕೊಳ್ಳಲು ನಾನೂ ನೋಡಿದೆ. ಆದರೆ ಗೊತ್ತಿರುವುದೂ ಇದೆಯಲ್ಲ. ಅವರ ಕೊನೆಯ ದಿನಗಳ ನಡುಕ, ಸಂಕಟ ನನ್ನ ಕೈಯದು. ಅದನ್ನು ನಾಟಕ ಎಂದ ಬಾಯಿ ನನ್ನದು. ಮಗಳನ್ನು ಹೋಗು ಎಂದದ್ದೂ ಅದೇ ಬಾಯಿ.

ಅವತ್ತು ಕೆಲಸಕ್ಕೆ ಹೋದದ್ದನ್ನು ಲತಾ ಮರೆಯಲಿಲ್ಲ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುತ್ತೇವೆ. ಹೊಸ ಪಂಚೆ, ಮುದ್ದೆ, ಕೋಳಿ ಸಾರು, ಅವರು ಇಷ್ಟಪಟ್ಟದ್ದೆಲ್ಲ. ಉಬ್ಬಸ ಪಟ್ಟು ಹೋದ ಇವರಿಗೆ ಒಂದು ಕಟ್ಟು ಬೀಡಿಯನ್ನೂ ಇಡುತ್ತೇವೆ, ನೋಡಿ ನಮ್ಮ ಬುದ್ಧಿ! ಆಮೇಲೆ ಎಲ್ಲರೂ ಹೊರಗೆ ಬಂದು, ಅವರು ನೆಮ್ಮದಿಯಾಗಿ ಉಣ್ಣಲಿ ಎಂದು ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುತ್ತೇವೆ. ಪ್ರತಿ ವರ್ಷವೂ ಬಾಗಿಲು ಎಳೆಯುವ ಮೊದಲು ಲತಾ ಫೋಟೋ ಮುಂದೆ ಕೈಮುಗಿದು, “ಅಪ್ಪಾ, ಅವತ್ತು ನಾನು ಇರ್ಬೇಕಿತ್ತು. ಹೊಟ್ಟೆಗಾಕ್ಕೊಳಪ್ಪಾ” ಎನ್ನುತ್ತಾಳೆ. ಪ್ರತಿ ವರ್ಷವೂ ನಾನು ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದೇನೆ. ಅವಳು ಬೇಯುವುದನ್ನು ನೋಡುತ್ತ ನಿಂತಿದ್ದೇನೆ.

ಈ ವರ್ಷ ಎಡೆಗೆ ಎಲ್ಲ ಜೋಡಿಸುತ್ತಿದ್ದಾಗ ಹಿಂದಿನಿಂದ ಆ ಸದ್ದು ಬಂತು. ಟಕ್, ಟಕ್, ಟಕ್.

ತಿರುಗಿ ನೋಡಿದರೆ ಲತಾ ನೆಲದ ಮೇಲೆ ಕೂತು ಹೊಸ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದಾಳೆ. “ಹಳೇದು ಎಲ್ಲೋ ಕಳ್ದೋಯ್ತು ಅಂದ್ಯಲ್ಲ, ಅದಕ್ಕೇ ತಂದೆ. ಅಪ್ಪನಿಗೆ ಹಲ್ಲಿರ್ಲಿಲ್ವಲ್ಲಮ್ಮಾ, ಇಡೀ ಅಡಿಕೆ ಇಟ್ರೆ ಹೇಗೆ ತಿಂತಾರೆ?”

ನನ್ನ ಕೈಯ ತಟ್ಟೆ ಕೆಳಗೆ ಬಿತ್ತು. “ನಿಲ್ಸೇ. ನಿಲ್ಸು ಅದನ್ನ.”

ಫೋಟೋ ಕಡೆ ತಿರುಗಿ ಕೂತೆ. ಎಲ್ಲವನ್ನೂ ಹೇಳಿದೆ — ಜೇನುತುಪ್ಪ, ಚಮಚ, ಗೋಡೆ, ಪಕ್ಕದವರನ್ನು ನಗಿಸಿದ್ದು, ಆಟೋದಲ್ಲಿ ಹೇಳಿದ ಸುಳ್ಳು. “ರೀ, ತಪ್ಪಾಯ್ತು, ತಪ್ಪಾಯ್ತು ಕಣ್ರೀ” ಎಂದು ಹಣೆ ನೆಲಕ್ಕೆ ಹಚ್ಚಿದೆ. ಹಿಂದೆ ಕುಟ್ಟಾಣಿ ನಿಂತಿತ್ತು. ಲತಾ ಎದ್ದು ಬಂದು, ಕುಟ್ಟಿದಷ್ಟನ್ನು ಎಲೆಯ ಮೇಲಿಟ್ಟು, ದೀಪ ಸರಿಮಾಡಿ, ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಮೆಟ್ಟಿಲ ಮೇಲೆ ಫೋರ್‌ಮನ್ ಮಲಗಿತ್ತು. ಅದನ್ನು ದಾಟಿ ನಿಂತೆವು. ಈ ಸಲ ಅವಳು ಅಪ್ಪನಿಗೆ ಏನನ್ನೂ ಹೇಳಿರಲಿಲ್ಲ.

ಒಂದು ಮೆಟ್ರೋ ರೈಲು ಮೇಲೆ ಹಾದುಹೋಯಿತು. ಆ ಸದ್ದು ಅಡಗಿದ ಮೇಲೆ, ನನ್ನ ಮುಖ ನೋಡದೆ, ಅವಳು ಒಂದು ಮಾತು ಅಂದಳು. ಆಗ ನನ್ನ ಬಾಯಲ್ಲಿ ಉತ್ತರ ಬರಲಿಲ್ಲ. ಬೆರಳಿನಲ್ಲಾದರೂ ಬರುತ್ತದೇನೋ ಎಂದು ಇಷ್ಟು ದಿನದಿಂದ ಒಂದೊಂದೇ ಅಕ್ಷರ ಒತ್ತಿ ಇದನ್ನು ಬರೆದಿದ್ದೇನೆ. ಅವಳು ಕೇಳಿದ್ದು ಇಷ್ಟೇ:

“ನಾಯಿ ಹತ್ರ ಅವತ್ತೇ ತಪ್ಪಾಯ್ತು ಅಂದೆ. ಅಪ್ಪನ ಹತ್ರ ಇವತ್ತು ಅಂದೆ. ನನ್ನ ಹತ್ರ ಯಾವಾಗಮ್ಮಾ?”