ಶರಣಮ್ಮನ ಎಡಗೈ ಬೇಸ್ ಗಿಟಾರ್

2022ರ ಬೇಸಿಗೆ. ನಾನಾಗ ಜಹೀರಾಬಾದಿನ ಒಂದು ವೃತ್ತಿ ತರಬೇತಿ ಕೇಂದ್ರದಲ್ಲಿ ಮರಗೆಲಸ ವಿಭಾಗದ ಬೋಧಕ. ನಿವೃತ್ತಿಗೆ ಹನ್ನೊಂದು ತಿಂಗಳು ಬಾಕಿ. ಮೂವತ್ತೊಂದು ವರ್ಷ ಬಾಗಿಲು, ಕಿಟಕಿ, ಮಂಚ, ಕಪಾಟು ಮಾಡಿಸಿದ್ದೆ. ಮರದ ವಿಷಯದಲ್ಲಿ ಇನ್ನು ಕಲಿಯುವುದೇನೂ ಇಲ್ಲ ಎಂಬ ಜಂಬ ತಲೆಗೇರಿತ್ತು. ಅದನ್ನು ಇಳಿಸಿದ್ದು ಒಂದು ಬೇಸ್ ಗಿಟಾರ್.

ಅದು ನಮ್ಮ ಹೊಲಿಗೆ ವಿಭಾಗದ ಬೋಧಕಿ ಶರಣಮ್ಮನವರದು. ಊರು ನಾರಾಯಣಖೇಡ. ಅಲ್ಲಿ ಐದು ಹೆಣ್ಣುಮಕ್ಕಳು ಸೇರಿ ವಚನ ಹಾಡುವ ತಂಡ ಕಟ್ಟಿದ್ದರು. ಹಾರ್ಮೋನಿಯಂ, ತಬಲಾ ಜೊತೆಗೆ ಬೇಸ್ ಗಿಟಾರ್ ಕೂಡ ಇತ್ತು. ನಾಲ್ಕು ದಪ್ಪ ತಂತಿಗಳ ಈ ವಾದ್ಯ ಹಾಡಿನ ಅಡಿಯಲ್ಲಿ ಗಂಭೀರವಾಗಿ ಗುಂಯ್‌ಗುಡುತ್ತದೆ. ಅದನ್ನು ನುಡಿಸುತ್ತಿದ್ದವರು ಶರಣಮ್ಮ. ಅವರು ಎಡಚಿ. ಯಾರದೋ ಎರವಲು ಗಿಟಾರನ್ನು ತಿರುವುಮುರುವು ಹಿಡಿದು ಎರಡು ವರ್ಷ ನುಡಿಸಿದ್ದರು. ಈಗ ಅದರ ಒಡೆಯ ವಾಪಸು ಒಯ್ದಿದ್ದ. ಬಸವ ಜಯಂತಿಯ ನಿಮಿತ್ತ ತಾಂಡೂರಿನಲ್ಲಿ ತಂಡದ ದೊಡ್ಡ ಕಾರ್ಯಕ್ರಮಕ್ಕೆ ಇದ್ದದ್ದು ಮೂರೇ ವಾರ. ಅಷ್ಟರೊಳಗೆ ಗಿಟಾರ್ ಬರದಿದ್ದರೆ ಆ ಜಾಗಕ್ಕೆ ಕೀಬೋರ್ಡ್ ನುಡಿಸುವವರನ್ನು ಕರೆಯುವುದೆಂದು ತಂಡ ತೀರ್ಮಾನಿಸಿತ್ತು.

ಎಡಗೈಯವರ ಬೇಸ್ ಹತ್ತಿರದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅದಕ್ಕೇ ಅವರು ಒಂದು ಕಿಟ್ ತರಿಸಿದ್ದರು. ಕಿಟ್ ಎಂದರೆ ಬಿಡಿಭಾಗಗಳ ಪೆಟ್ಟಿಗೆ: ಬಣ್ಣ ಕಾಣದ ಮರದ ಬಾಡಿ, ತಂತಿ ಹಾಯುವ ಉದ್ದನೆಯ ನೆಕ್, ತಂತಿಗಳು, ಸ್ಕ್ರೂಗಳು. ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು, “ನೀವೇ ಜೋಡಿಸಿ ಕೊಡಬೇಕ್ರಿ ಸರ್” ಎಂದರು.

ನಾನು ಉಪದೇಶಕ್ಕೆ ಇಳಿದೆ. “ಬಲಗೈಲೆ ಕಲೀರಲ್ಲ ಶರಣಮ್ಮ. ನನ್ನ ಹತ್ರ ಬಂದ ಎಡಚರಿಗೆಲ್ಲಾ ನಾ ಬಲಗೈಲೇ ಗರಗಸ ಹಿಡಿಸೀನಿ.”

“ಮುಂಜಾನಿ ಪೂಜಾ ಮಾಡುವಾಗ ಲಿಂಗ ಯಾವ ಕೈಯಾಗ ಹಿಡಿತೀರಿ ಸರ್?”

ಅವರಂತೆ ನಾನೂ ಕೊರಳಲ್ಲಿ ಲಿಂಗ ಕಟ್ಟಿಕೊಂಡವನೇ. ಇಷ್ಟಲಿಂಗ ಹಿಡಿಯುವುದು ಎಡ ಅಂಗೈಯಲ್ಲಿ. ಪೆಟ್ಟಿಗೆ ಬಿಚ್ಚಿದೆ.

ಕೆಲಸ ನಾನಂದುಕೊಂಡದ್ದಕ್ಕಿಂತ ನಾಜೂಕಾಗಿತ್ತು. ಬಾಗಿಲಿನಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಮ್ಮಿಯಾದರೆ ಯಾರೂ ಕೇಳುವುದಿಲ್ಲ. ಇಲ್ಲಿ ತಂತಿಯ ಮೀಟುವ ಉದ್ದ ಮೂವತ್ನಾಲ್ಕು ಇಂಚು. ಅದರ ನಟ್ಟನಡುವೆ, ಹದಿನೇಳನೆಯ ಇಂಚಿಗೆ, ಹನ್ನೆರಡನೆಯ ಫ್ರೆಟ್, ಅಂದರೆ ಬೆರಳೊತ್ತುವ ಲೋಹದ ಪಟ್ಟಿ, ಬರಬೇಕು. ತಪ್ಪಿದರೆ ಸ್ವರವೇ ತಪ್ಪುತ್ತದೆ. ನಾಲ್ಕು ಸಲ ಅಳೆದು ಒಮ್ಮೆ ತೂತು ಕೊರೆದೆ. ಮರದ ಬಾಡಿಯ ಮೇಲೆ ಸಣ್ಣ ರಂಧ್ರ ಮುಚ್ಚುವ ಸೀಲರ್ ಎರಡು ಕೈ, ಹೊಳಪು ಕೊಡುವ ಲ್ಯಾಕರ್ ಆರು ಕೈ ಬಳಿದೆ. ದಿನವೂ ಊಟದ ಬಿಡುವಿನಲ್ಲಿ ಶರಣಮ್ಮ ಬಂದು, ತಂತಿಯಿಲ್ಲದ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಗಾಳಿಯಲ್ಲೇ ಬೆರಳಾಡಿಸುತ್ತಿದ್ದರು. ನೋಡಿ ನನಗೂ ಹುರುಪೇರುತ್ತಿತ್ತು.

ಕಾರ್ಯಕ್ರಮಕ್ಕೆ ಒಂದು ವಾರ ಇದ್ದಾಗ, ಭಾನುವಾರ, ಅವರ ಯಜಮಾನರು ವೀರಭದ್ರಪ್ಪ ಬಂದರು. ತಾಂಡೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಲ್ಲು ಪಾಲಿಶ್ ಮಾಡುವವರು. “ಕಡೀ ಪಾಲಿಶ್ ನಂಗ ಬಿಡ್ರಿ ಸರ್. ಆಕಿ ಬಾರಿಸೋದರಾಗ ನನ್ನ ಕೈನೂ ಇರಲಿ” ಎಂದರು. ಹಾಗೆ ಕೇಳಿದವರಿಗೆ ಇಲ್ಲ ಎನ್ನುವುದು ಹೇಗೆ? ವಾಟರ್ ಪೇಪರ್, ಅಂದರೆ ನೀರು ಹಚ್ಚಿ ಉಜ್ಜುವ ನಯವಾದ ಉಪ್ಪುಕಾಗದ, ಕೊಟ್ಟು “ಹಗುರ ಕೈಲೆ ಉಜ್ಜರಿ” ಎಂದಷ್ಟೇ ಹೇಳಿ ಪರೀಕ್ಷಾ ಕೆಲಸಕ್ಕೆ ಕಚೇರಿಗೆ ಹೋದೆ. ನೀರು ನಾಲ್ಕು ಹನಿ ಸಾಕು ಎಂದು ಹೇಳಲಿಲ್ಲ. ಅದೂ ಹೇಳುವ ಮಾತೇ ಎಂದುಕೊಂಡಿದ್ದೆ.

ಸಂಜೆ ಬಂದು ನೋಡಿದರೆ ಗಿಟಾರ್ ಕನ್ನಡಿಯಾಗಿತ್ತು. ನನ್ನ ಬೋಳುತಲೆ ಅದರಲ್ಲಿ ಸ್ಪಷ್ಟವಾಗಿ ಕಂಡಿತು. ಶರಣಮ್ಮನೂ ನೋಡಲು ಬಂದರು. ಮೂವರೂ ಖುಷಿಯಿಂದ ಚಹಾ ಕುಡಿದೆವು.

ಸೋಮವಾರ ಬೆಳಿಗ್ಗೆ ನೆಕ್ ಕೂರಿಸಲೆಂದು ಗಿಟಾರ್ ಎತ್ತಿಕೊಂಡೆ. ಪ್ರತಿ ಸ್ಕ್ರೂ ತೂತಿನ ಸುತ್ತ ಲ್ಯಾಕರ್ ಹಪ್ಪಳದ ಹಾಗೆ ಉಬ್ಬಿ ಬಿರಿದಿತ್ತು. ನೆಕ್ ಕೂರುವ ಕುಳಿ ಬಿಗಿದು ನೆಕ್ ಒಳಗೇ ಹೋಗಲಿಲ್ಲ. ಆಮೇಲೆ ಗೊತ್ತಾಯಿತು: ವೀರಭದ್ರಪ್ಪ ಅದನ್ನು ನಲ್ಲಿಯ ಕಟ್ಟೆಯ ಮೇಲೆ ಮಲಗಿಸಿ, ಪೈಪಿನಿಂದ ನೀರು ಬಿಟ್ಟುಕೊಂಡೇ ಉಜ್ಜಿದ್ದರು. ಬರಿಯ ತೂತುಗಳಿಂದ ಮರ ಹೊಟ್ಟೆತುಂಬ ನೀರು ಕುಡಿದಿತ್ತು. ತೇವ ಅಳೆಯುವ ಮೀಟರ್ ಹಚ್ಚಿದೆ: ಶೇಕಡಾ ಹತ್ತೊಂಬತ್ತು. ಹನ್ನೊಂದಕ್ಕಿಂತ ಹೆಚ್ಚಿರಬಾರದು.

ಸುದ್ದಿ ಕೇಳಿ ವೀರಭದ್ರಪ್ಪ ರಜೆ ಹಾಕಿ ಓಡಿ ಬಂದರು. “ಕಲ್ಲು ನೀರ ಕುಡಿಯಲ್ರಿ ಸರ್. ಮರಾ ಕುಡಿತದ ಅಂತ ನಂಗೇನ್ ಗೊತ್ತು?” ಎಂದು ಉಬ್ಬಿದ ಲ್ಯಾಕರನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಲು ನೋಡಿದರು. ಶರಣಮ್ಮನ ಮುಖವೂ ಬಾಡಿತ್ತು. ಆದರೆ ಗಂಡನ ಮುಖ ನೋಡಿದ್ದೇ ಅವರಿಗೆ ನಗು ಬಂತು. “ಹೋಗ್ಲಿ ಬಿಡ್ರಿ. ಗಿಟಾರಿಗಿ ಮದಿವಿ ಎಣ್ಣಿ-ನೀರ ಹಾಕೀರಿ ಅನಕೋತೀನಿ” ಎಂದರು. ತಪ್ಪು ನನ್ನದು ಎಂದು ನಾನು ಬಾಯಿಬಿಟ್ಟು ಹೇಳಿದ್ದು ಆಗಲೇ. ಬೋಧಕ ನಾನು, ಬೋಧಿಸಬೇಕಾದ್ದನ್ನೇ ಬೋಧಿಸಿರಲಿಲ್ಲ.

ಇನ್ನಿದ್ದದ್ದು ಆರು ದಿನ. ಬಿಸಿಲಿಗಿಟ್ಟರೆ ಮರ ಸೀಳುತ್ತದೆ, ಬಿಸಿಗಾಳಿ ಹೊಡೆದರೆ ಲ್ಯಾಕರ್ ಏಳುತ್ತದೆ. ನಾನು ತಲೆ ಕೆರೆದುಕೊಳ್ಳುತ್ತಿರುವಾಗ ವೀರಭದ್ರಪ್ಪ ಮೆಲ್ಲಗೆ ಅಂದರು: “ತೊಗರಿಯಾಗ ಹುಗದ್ರ ಹ್ಯಾಂಗ್ರಿ? ಒಣಗಿದ ತೊಗರಿ ಹಸಿ ಎಳಕೋತದ.” ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಉಪಾಯ. ಬೇರೆ ದಾರಿಯಿಲ್ಲದೆ ಒಪ್ಪಿದೆ. ಸಂಜೆಗೆ ತಾಂಡೂರಿನಿಂದ ಎರಡು ಚೀಲ ತೊಗರಿ ಬಂತು. ಒಂದು ಚೀಲದ ಕಾಳು ಬಿಸಿಲಲ್ಲಿ ಒಣಗುವಾಗ ಇನ್ನೊಂದರೊಳಗೆ ಗಿಟಾರ್. ದಿನಕ್ಕೆರಡು ಸಲ ಅದಲುಬದಲು. ಮಂಗಳವಾರ ಹದಿನಾರು, ಬುಧವಾರ ಹದಿಮೂರು, ಗುರುವಾರ ಸಂಜೆ ಹನ್ನೊಂದು. ಮೀಟರ್ ನೋಡಿ ನಾನು ಶಿಳ್ಳೆ ಹೊಡೆದೆ. ಬೋಧಕನಾದ ಮೇಲೆ ಅದೇ ಮೊದಲು.

ಶುಕ್ರವಾರ ಬಿರಿದ ಲ್ಯಾಕರ್ ಕೆತ್ತಿ ತೆಗೆದು, ಹೊಸದು ಬಳಿದು, ಪ್ರತಿ ತೂತಿಗೂ ಮೇಣ ತುಂಬಿದೆ. ಶನಿವಾರ ವಾಟರ್ ಪೇಪರನ್ನು ಮತ್ತೆ ವೀರಭದ್ರಪ್ಪನ ಕೈಗಿಟ್ಟೆ.

“ನಂಗs ಕೊಡ್ತೀರೇನ್ರಿ?”

“ನಿಮಗs. ನೀರು ಮಾತ್ರ ಈ ಬಟ್ಟಲದಷ್ಟೇ.”

ನಾನು ಪಕ್ಕದಲ್ಲೇ ಕೂತೆ. ಆ ಕೈಯ ಹದ ನನ್ನ ಕೈಗೆ ಇಂದಿಗೂ ಇಲ್ಲ. ಸಂಜೆ ನೆಕ್ ಕುಳಿಯಲ್ಲಿ ಸರಿಯಾಗಿ ಕೂತಿತು, ತಂತಿಗಳನ್ನು ಬಿಗಿದೆ. ಒಂದು ತೂತಿನ ಸುತ್ತ ಮಾತ್ರ ತೆಳುವಾದ ಉಂಗುರದ ಗುರುತು ಉಳಿಯಿತು. ಅಳಿಸಲು ಹೋದರೆ ಶರಣಮ್ಮ ಬಿಡಲಿಲ್ಲ. “ಇರಲಿ ಬಿಡ್ರಿ ಸರ್, ಅದು ಇವರ ಸಹಿ” ಎಂದರು.

ಭಾನುವಾರ ತಾಂಡೂರಿನ ಸಭಾಭವನ. ನೆಲವೆಲ್ಲ ತಾಂಡೂರು ಕಲ್ಲು, ಪಾಲಿಶ್ ವೀರಭದ್ರಪ್ಪನದೇ. ಚಪ್ಪಲಿ ಹೊರಗೆ ಬಿಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದೆವು. ಶರಣಮ್ಮ ಗಿಟಾರಿನ ಪಟ್ಟಿ ಹೆಗಲಿಗೇರಿಸಿ, ಎಡಗೈಯಿಂದ ದಪ್ಪ ತಂತಿಯನ್ನೊಮ್ಮೆ ಮೀಟಿದರು. ಆ ಸ್ವರ ಕಿವಿಗಿಂತ ಮೊದಲು ಅಂಗಾಲಿಗೆ ಮುಟ್ಟಿತು. ವೀರಭದ್ರಪ್ಪ ಬಗ್ಗಿ ನೆಲದ ಮೇಲೆ ಅಂಗೈ ಊರಿದರು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

“ಕಲ್ಲು ನೀರ ಕುಡಿಯಲ್ರಿ ಸರ್,” ಎಂದರು. “ಆದ್ರ ಹಾಡ ಕುಡಿತದ, ನೋಡ್ರಿ.”

ನಾನೂ ಬಗ್ಗಿ ಕೈ ಊರಿದೆ. ಹೌದು, ಕುಡಿಯುತ್ತಿತ್ತು.

ನಿವೃತ್ತಿಗೆ ಉಳಿದ ಹತ್ತು ತಿಂಗಳು ನನ್ನ ಪಾಠ ಬದಲಾಯಿತು. ಹೊಸಬರು ಬಂದರೆ ಉಳಿ ಕೊಡುವ ಮೊದಲು ಎರಡು ಪ್ರಶ್ನೆ ಕೇಳುತ್ತಿದ್ದೆ: ಇದುವರೆಗೆ ಏನು ಕೆಲಸ ಮಾಡಿದ್ದೀರಿ, ಯಾವ ಕೈಯಿಂದ ಮಾಡಿದ್ದೀರಿ? ಎಡಗೈ ಎಂದವರಿಗೆ ಗರಗಸವನ್ನು ಎಡಗೈಗೇ ಕೊಟ್ಟೆ.