ಗೋಣಿಚೀಲದ ಸವಾರಿ

ನಾನು ಭೌತಶಾಸ್ತ್ರ ಕಲಿತದ್ದು ಗೋಣಿಚೀಲದ ಮೇಲೆ ಕೂತು. ಆಲೂರಿನ ಪಿಯು ಕಾಲೇಜಿನಲ್ಲಿ ಇಷ್ಟು ವರ್ಷ ಅದೇ ಪಾಠ ಹೇಳಿ ಸಂಬಳ ತಗೊಂಡವಳು ಇದನ್ನು ಮೊದಲೇ ಒಪ್ಪಿಕೊಳ್ಳಬೇಕಿತ್ತು. ಮಕ್ಕಳ ಮುಂದೆ ಮರ್ಯಾದೆ ಹೋದೀತೆಂದು ಸುಮ್ಮನಿದ್ದೆ.

ಮಗ್ಗೆ ಊರಿನ ನಮ್ಮ ಮನೆಯ ಪಡಸಾಲೆಗೆ ಕೆಂಪು ಗಾರೆಯ ನೆಲ. ಅದಕ್ಕೆ ಹೊಳಪು ತರುವ ಉಪಾಯವನ್ನು ಅವ್ವನಿಗೆ ಹೇಳಿಕೊಟ್ಟವರು ಮಂಗಳೂರು ಕಡೆಯಿಂದ ಬಂದಿದ್ದ ಪಕ್ಕದ ಮನೆಯ ಫಿಲೋಮಿನಾ ಆಂಟಿ. ಮೇಣವನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ತೆಳ್ಳಗೆ ಬಳಿಯಬೇಕು. ಗೋಣಿಚೀಲದ ತಳಕ್ಕೆ ಹಳೇ ಕಂಬಳಿ ಹೊಲಿದು, ಮೇಲೊಂದು ಮಗುವನ್ನು ಕೂರಿಸಿ, ಹಗ್ಗ ಕಟ್ಟಿ ಎಳೆಯಬೇಕು. ಆ ಮಗು ನಾನು. ಅವ್ವ ಎಳೆಯುತ್ತಾ ಮುಂದೆ ಹೋದಂತೆ ನಾನು ಹಿಂದೆ ಜಾರುತ್ತಾ ಹೋಗುತ್ತಿದ್ದೆ. ತಲೆಯ ಮೇಲೆ ಜಂತೆಗಳು ಒಂದೊಂದಾಗಿ ಹಾದುಹೋಗುತ್ತಿದ್ದವು, ಕಿಟಕಿಯ ಬಿಸಿಲು ಮುಖಕ್ಕೆ ಬಂದು ಹೋಗುತ್ತಿತ್ತು, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. "ಜೋರಾಗಿ ಎಳಿಯವ್ವಾ" ಅಂದರೆ ಅವ್ವ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. "ಒಂದೇ ಸಮ ಹೋಗ್ಬೇಕು ಕಣೆ. ನಿಂತು ನಿಂತು ಎಳುದ್ರೆ ನೆಲಕ್ಕೆ ಪಟ್ಟೆ ಬಿದ್ಬುಡ್ತೈತೆ." ಸ್ವಲ್ಪ ಹೊತ್ತಿಗೆ ಕೂತ ಜಾಗ ಬೆಚ್ಚಗಾಗುತ್ತಿತ್ತು. ಆ ಬಿಸಿ ಎಲ್ಲಿಂದ ಬಂತೆಂದು ಕೇಳುವ ವಯಸ್ಸಲ್ಲ ಅದು.

ಈಗ ಕೇಳುವುದೇ ನನ್ನ ಉದ್ಯೋಗ. ವೇಗ ಬದಲಾಗದಿದ್ದರೆ ಎಳೆಯುವ ಬಲವೂ ತಡೆಯುವ ಘರ್ಷಣೆಯೂ ಸಮಸಮ. ಆ ಬಲವನ್ನು ಎಳೆದ ದೂರದಿಂದ ಗುಣಿಸಿದರೆ ಎಳೆದವಳು ಮಾಡಿದ ಕೆಲಸ. ಪ್ರತಿ ವರ್ಷವೂ ಯಾರಾದರೊಬ್ಬಳು ಎದ್ದು ನಿಲ್ಲುತ್ತಾಳೆ: "ಮಿಸ್, ಹೋದ ದಾರೀಲೇ ವಾಪಸ್ ಬಂದ್ರೆ ಕೆಲ್ಸ ಸೊನ್ನೆ ಅಲ್ವಾ?" ಅಲ್ಲ ತಾಯಿ. ಗುಡ್ಡವಾದರೆ ಹತ್ತುವಾಗ ತಗೊಂಡದ್ದನ್ನು ಇಳಿಯುವಾಗ ವಾಪಸ್ ಕೊಡುತ್ತದೆ. ಘರ್ಷಣೆ ಹೋಗುವಾಗಲೂ ಕಿತ್ತುಕೊಳ್ಳುತ್ತದೆ, ಬರುವಾಗಲೂ ಕಿತ್ತುಕೊಳ್ಳುತ್ತದೆ, ಕಿತ್ತುಕೊಂಡದ್ದನ್ನೆಲ್ಲ ಬಿಸಿ ಮಾಡಿಬಿಡುತ್ತದೆ.

ಒಂದು ಸಲ ನನಗೆ ಬುದ್ಧಿ ಕೆಟ್ಟು ಅವ್ವನ ಲೆಕ್ಕವನ್ನೇ ಹಾಕಿದೆ. ನನ್ನ ತೂಕ ಹದಿನೈದು ಕೆಜಿ, ಪಡಸಾಲೆ ಐದು ಮೀಟರು, ಹೋಗಿ ಬಂದು ಇಪ್ಪತ್ತು ಸುತ್ತು, ಘರ್ಷಣೆ ತೂಕದ ಐದನೇ ಒಂದು ಪಾಲು. ಸುಮಾರು ಆರು ಸಾವಿರ ಜೂಲ್ ಬಂತು. ಅಷ್ಟಕ್ಕೆ ನಿಲ್ಲಿಸಬಾರದಿತ್ತೇ? "ಅವ್ವಾ, ನೀನು ಅಷ್ಟೆಲ್ಲ ಎಳೆದದ್ದು ಒಂದು ಚಿಟಿಕೆ ಸಕ್ಕರೆಯಲ್ಲಿರೋ ಶಕ್ತಿ ಅಷ್ಟೇ!" ಎಂದೆ. ಅವ್ವ ಕಾಫಿ ಲೋಟ ಕೆಳಗಿಟ್ಟಳು. "ಬೆನ್ನು ಬಿದ್ದೋಗಿದ್ದು ನಂದು. ಅದ್ಯಾವನು ಮಾಡಿದ್ದು ಈ ಲೆಕ್ಕ?" ಎರಡು ದಿನ ನನ್ನ ಕಾಫಿಗೆ ಒಂದೊಂದೇ ಚಿಟಿಕೆ ಸಕ್ಕರೆ ಬಿತ್ತು.

ಈ ವರ್ಷ ಅವ್ವನ ಮಂಡಿ ಕೈಕೊಟ್ಟಿದೆ. ನೆಲ ಮಂಕಾಗಿದೆ. ಗೌರಿ ಹಬ್ಬಕ್ಕೆ ಕೆ. ಹೊಸಕೋಟೆಯಿಂದ ಚಿಕ್ಕಮ್ಮ ಬರುತ್ತಾಳೆಂದು ಗೊತ್ತಾದ ಮೇಲೆ ಅವ್ವ ಕುರ್ಚಿಯಲ್ಲಿ ಕೂತು ದಿನವೂ ಆ ನೆಲವನ್ನೇ ನೋಡತೊಡಗಿದಳು. "ಟೈಲ್ಸ್ ಹಾಕಿಸೋಣ ಬಿಡವ್ವ" ಎಂದೆ. "ಹಾಕಿಸ್ಕೊ. ನನ್ ಕೈಲಿ ಇನ್ನೇನ್ ಆಗ್ತೈತೆ? ಕೂತಿರೋದೊಂದೇ" ಅಂದಳು. ಜಗಳ ಆಡದೆ ಒಪ್ಪಿಕೊಂಡ ಅವ್ವನನ್ನು ನಾನು ನೋಡಿದ್ದೇ ಇಲ್ಲ. ಹೆದರಿಕೆಯಾಯಿತು.

ಭಾನುವಾರ ಬೆಳಿಗ್ಗೆ ಮೇಣ ಕರಗಿಸಿ ಬಳಿದೆ. ಅಟ್ಟದಿಂದ ಆ ಗೋಣಿಚೀಲ ಇಳಿಸಿ ಬರಿದೇ ಎಳೆದರೆ, ಮೇಲೆ ಭಾರವಿಲ್ಲದೆ ನೆಲಕ್ಕೆ ಏನೂ ಆಗಲಿಲ್ಲ. ಇಪ್ಪತ್ತೈದು ಕೆಜಿಯ ಅಕ್ಕಿ ಮೂಟೆ ಇಟ್ಟೆ. ಮೂಲೆಯಲ್ಲಿ ತಿರುಗಿಸುತ್ತಲೇ ಅದು ದೊಪ್ಪೆಂದು ಉರುಳಿತು. ಮತ್ತೆ ಇಟ್ಟೆ, ಮತ್ತೆ ಉರುಳಿತು. ಕುರ್ಚಿಯಿಂದ ನಗು ಕೇಳಿಸಿತು. ಎಷ್ಟು ದಿನವಾಗಿತ್ತು ಆ ನಗು ಕೇಳಿ!

"ಅಕ್ಕಿ ಮೂಟೆಗೆ ವಾಲೋಕೆ ಬತ್ತದೇನೆ? ತಿರುಗೋವಾಗ ಒಳಗಡೀಕೆ ವಾಲ್ಬೇಕು. ನೀನು ನಿದ್ದೇಲೂ ವಾಲ್ತಿದ್ದೆ."

ಸುಮ್ಮನೆ ಕೂತವರು ಮಾಡಿದ ಕೆಲಸ ಸೊನ್ನೆ ಎಂದು ಎಷ್ಟು ಮಕ್ಕಳ ಉತ್ತರಕ್ಕೆ ಸರಿ ಗುರುತು ಹಾಕಿದ್ದೇನೋ, ದೇವರೇ. ಅಕ್ಕಿ ಮೂಟೆ ಪಕ್ಕಕ್ಕಿಟ್ಟು ಅವ್ವನ ಮುಂದೆ ನಿಂತೆ. "ಬಾ, ನೀನೇ ಕೂತ್ಕೊ."

"ಹುಚ್ಚು ಹಿಡೀತಾ ನಿಂಗೆ?" ಅಂದಳು. ಅನ್ನುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಕೂರಿಸುವುದೇ ದೊಡ್ಡ ಸಾಹಸವಾಯಿತು. ಅವ್ವ ಕಾಲು ಚಾಚಿ, ಎರಡೂ ಕೈಯಲ್ಲಿ ಗೋಣಿಯ ಅಂಚು ಹಿಡಿದಳು. ನಾನು ಮೆಲ್ಲಗೆ, ಒಂದೇ ಸಮ ಎಳೆದೆ. ಮೂಲೆ ಬಂದಾಗ ಅವ್ವ ಅಚ್ಚುಕಟ್ಟಾಗಿ ಒಳಕ್ಕೆ ವಾಲಿದಳು. ನಾಲ್ಕನೇ ಸುತ್ತಿಗೆ ಕಿಟಕಿಯ ಬಿಸಿಲು ನೆಲದಲ್ಲಿ ಹೊಳೆಯಿತು. ನನಗೆ ಬೆವರು ಕಿತ್ತುಕೊಂಡು ಬಂತು. ಚಿಟಿಕೆ ಸಕ್ಕರೆಯ ಮಾತನ್ನು ನಾನೇ ವಾಪಸ್ ತಗೊಂಡೆ. ತಿರುಗಿ ನೋಡಿದರೆ ಅವ್ವ ಅರ್ಧ ಕಣ್ಣು ಮುಚ್ಚಿ ಜಂತೆ ನೋಡುತ್ತಿದ್ದಳು.

"ಏ, ಕೆಳಗೆ ಬೆಚ್ಚಗಾಗ್ತೈತೆ ಕಣೆ" ಅಂದಳು, ಯಾವುದೋ ಗುಟ್ಟು ಹೇಳುವ ಹಾಗೆ.

ಗೊತ್ತವ್ವ, ಅಂದೆ. ಎಳೆಯುವುದನ್ನು ನಿಲ್ಲಿಸಲಿಲ್ಲ. ನಿಂತರೆ ನೆಲಕ್ಕೆ ಪಟ್ಟೆ ಬೀಳುತ್ತದೆ.