ಬಿಟ್ಟ ಒಂದು ಸಾಲು

ಚಿಂತಾಮಣಿಯ ಗುಮಾಸ್ತರ ದನಿ ತೆಗೆಯಬೇಕಾದರೆ ಮೊದಲು ಎಲೆಅಡಿಕೆ ತುಂಬಿಕೊಂಡವರ ಹಾಗೆ ಎಡಗೆನ್ನೆ ಉಬ್ಬಿಸಬೇಕು. ಆಮೇಲೆ “ಏಮಪ್ಪಾ” ಎಂದು ತೆಲುಗಿನಲ್ಲಿ ಹೊರಟು, ಕನ್ನಡದಲ್ಲಿ ನಡೆದು, ಸಿಟ್ಟು ಬಂದ ಕಡೆ ಮತ್ತೆ ತೆಲುಗಿಗೆ ಇಳಿಯಬೇಕು. ಗೌರಿಬಿದನೂರಿನ ಮೇಷ್ಟ್ರು ಸುಲಭ, ಮಾತು ನಿಂತ ಕಡೆಯೆಲ್ಲ “ಅರ್ಥ ಆಯ್ತಲ್ಲ?” ಸೇರಿಸಿದರೆ ಮುಕ್ಕಾಲು ಅವರೇ. ನಮ್ಮ ಕಚೇರಿಯ ಮೇಡಂ ಆಗಬೇಕೆಂದರೆ ಗಂಟಲಿಗಿಂತ ಹುಬ್ಬಿಗೆ ಹೆಚ್ಚು ಕೆಲಸ. ಶಿಡ್ಲಘಟ್ಟದ ಪ್ರಯೋಗಾಲಯದ ಅಕ್ಕನ ದನಿ ಮಾತ್ರ ನನಗೆ ಸಿಕ್ಕಿರಲೇ ಇಲ್ಲ. ಅವರು ಆಡುವುದೇ ಕಡಿಮೆ, ಆಡಿದ್ದರಲ್ಲೂ ನನಗೆ ಹಿಡಿದುಕೊಳ್ಳಲು ಒಂದು ಹಿಡಿಕೆ ಸಿಗುತ್ತಿರಲಿಲ್ಲ.

ಅಣಕಿಸುವ ಚಟದಿಂದ ಆದ ಲಾಭವೆಂದರೆ ಎಲ್ಲಿ ಹೋದರೂ ನಗುವವರು ಸಿಗುತ್ತಾರೆ. ನಷ್ಟವೆಂದರೆ ಯಾರೂ ನನ್ನ ಹತ್ತಿರ ಏನನ್ನೂ ಹೇಳಿಕೊಳ್ಳುವುದಿಲ್ಲ. ಇವತ್ತು ಇವನ ಮುಂದೆ ಅತ್ತರೆ ನಾಳೆ ಇವನು ಅದನ್ನೇ ನಾಲ್ಕು ಜನರ ಮುಂದೆ ಅತ್ತು ತೋರಿಸುತ್ತಾನೆ ಎಂಬ ಭಯ ಅವರಿಗೆ. ಭಯ ಸರಿಯೇ, ತೋರಿಸಿದ್ದೇನೆ.

ಚಿಕ್ಕಬಳ್ಳಾಪುರದಲ್ಲಿ ಹೂವಿನಂಗಡಿಯ ಮೇಲಿನ ಒಂದು ಕೋಣೆ ನನ್ನದು. ಮನೆ ಸಾದಲಿಯಲ್ಲಿ. ದೂರವೇನಲ್ಲ, ಆದರೆ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಹುಳ ಇರುವಾಗ ಹೊರಗಿನವರ ಕೈಕಾಲಲ್ಲಿ ರೋಗ ಬರುತ್ತದೆಂದು ಯಾರನ್ನೂ ಸೇರಿಸುವುದಿಲ್ಲ. ಪೊರೆ ಬಿಡುವ ಮುಂಚೆ ಹುಳ ಮೇವು ಮುಟ್ಟದೆ ಕೂರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ.

“ನಾಲ್ಕನೇ ಜ್ವರ ಎದ್ದವೆ ಕಣಪ್ಪ, ಈ ವಾರ ಬರ್ಬೇಡ,” ಎಂದು ಅಮ್ಮ ಫೋನು ಮಾಡುತ್ತಾಳೆ.

“ನನಗೂ ಜ್ವರ ಕಣಮ್ಮ.”

“ನಿನ್ನ ಜ್ವರದಲ್ಲಿ ಗೂಡು ಕಟ್ತೀಯೇನೋ? ಮಾತ್ರೆ ನುಂಗು.”

ಇಂಥ ನನಗೆ ಸಿಕ್ಕ ಕೆಲಸ ಸಂಸ್ಥೆಗಳನ್ನು ಒಂದಕ್ಕೊಂದು ಮಾತಾಡಿಸುವುದು. ಗೌರಿಬಿದನೂರಿನ ಕಾಲೇಜಿನಲ್ಲಿ ಅಂತರ್ಜಲದ ಮೇಲೆ, ಚಿಂತಾಮಣಿಯ ಕೇಂದ್ರದಲ್ಲಿ ಬೆಳೆಯ ಮೇಲೆ, ಶಿಡ್ಲಘಟ್ಟದ ಪ್ರಯೋಗಾಲಯದಲ್ಲಿ ಹಿಪ್ಪುನೇರಳೆ ಮತ್ತು ಹುಳದ ಮೇಲೆ ಸಂಶೋಧನೆ ನಡೆಯುತ್ತಿತ್ತು. ಯಾರು, ಯಾರ ಜೊತೆ, ಏನು ಮಾಡಿದರು, ಅದರಿಂದ ಯಾವ ಲೇಖನ ಬಂತು ಎಂಬುದನ್ನು ಒಬ್ಬೊಬ್ಬರೂ ಒಂದೊಂದು ಥರ ಬರೆದಿಡುತ್ತಿದ್ದರು. ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಬೇಕಾದರೆ ಕೂತು ಮತ್ತೆ ಟೈಪು ಮಾಡಬೇಕಿತ್ತು. ಇದನ್ನು ತಪ್ಪಿಸಲು ಒಂದೇ ನಮೂನೆ ಬಂತು. ಎಲ್ಲರೂ ಆ ನಮೂನೆಗೆ ಒಪ್ಪಿದರೆ ಒಂದು ಕಂಪ್ಯೂಟರು ಕಳಿಸಿದ್ದನ್ನು ಇನ್ನೊಂದು ತಾನೇ ಓದಿ ತಿಳಿದುಕೊಳ್ಳುತ್ತದೆ. ನನ್ನ ಪಾಲಿಗೆ ಬಂದದ್ದು ಹೊಂದಿಕೆ ಪಟ್ಟಿ: ಎಡಗಡೆ ಅವರವರ ಊರಿನ ಪದ, ಬಲಗಡೆ ನಮೂನೆಯ ಸಂಕೇತ. ಪದಕ್ಕೊಂದು ಸಾಲು.

ಸುಲಭ ಅಂದುಕೊಂಡೆ. ಮೊದಲ ಸಭೆಯಲ್ಲಿ ಮೊದಲ ಖಾನೆಗೇ ಗಾಡಿ ನಿಂತಿತು. ಖಾನೆಯ ಹೆಸರು ‘ಯೋಜನೆ ಶುರುವಾದ ದಿನ’.

“ಮಂಜೂರಾತಿ ಪತ್ರ ಬಂದ ದಿನ. ಪತ್ರ ಇಲ್ದೆ ಯೋಜನೆ ಎಲ್ಲಿಂದ ಬರುತ್ತೆ? ಅರ್ಥ ಆಯ್ತಲ್ಲ?” ಎಂದರು ಗೌರಿಬಿದನೂರಿನ ಮೇಷ್ಟ್ರು.

ಚಿಂತಾಮಣಿಯ ಗುಮಾಸ್ತರು ಕೆನ್ನೆ ಬದಲಿಸಿದರು. “ಪತ್ರ ಬಿತ್ತಿದ್ರೆ ಮೊಳಕೆ ಬರುತ್ತಾ ಸಾರ್? ಬಿತ್ತನೆ ಆದ ದಿನಾನೇ ಶುರು. ನಮ್ಮ ರಿಜಿಸ್ಟರಲ್ಲಿ ಹಂಗೇ ಇರೋದು.”

“ಸಭೆಯಲ್ಲಿ ತೀರ್ಮಾನ ಆದ ದಿನ ಅಂತ ಇಟ್ಕೊಂಡ್ರೆ?” ಎಂದು ಮೇಡಂ ಹುಬ್ಬೆತ್ತಿದರು.

ಶಿಡ್ಲಘಟ್ಟದ ಅಕ್ಕ ಕಿಟಕಿ ಕಡೆ ನೋಡುತ್ತಾ, “ನಮ್ಮಲ್ಲಿ ಮೊಟ್ಟೆ ತಟ್ಟೆಗೆ ಬಂದ ದಿನ,” ಎಂದಷ್ಟೇ ಹೇಳಿದರು.

ಈ ಜಗಳ ಬಿಡಿಸಲು ನಾನು ವಾರಕ್ಕೆರಡು ಬಸ್ಸು ಹತ್ತಿದೆ. ಗೌರಿಬಿದನೂರಿಗೆ ಒಂದು ದಿನ, ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಒಂದು ದಿನ. ಕೊನೆಗೆ ನಾಲ್ಕು ದಿನಗಳಿಗೂ ನಮೂನೆಯಲ್ಲಿ ಬೇರೆ ಬೇರೆ ಜಾಗ ಇದೆ ಎಂದು ತಿಳಿಯಿತು. ಯಾರೂ ಸೋಲಬೇಕಾಗಿರಲಿಲ್ಲ. ಅಷ್ಟರಲ್ಲಿ ಗುಮಾಸ್ತರಿಗೆ ದಿನಾ ನನಗೆ ಫೋನು ಮಾಡುವ ಅಭ್ಯಾಸವಾಗಿತ್ತು. “ಏಮಪ್ಪಾ, ಈ ಖಾನೆಗೆ ಏನು ತುಂಬೋದು?” ಎಂದು ಶುರುವಾದದ್ದು ಟೊಮೆಟೊ ದರಕ್ಕೆ, ಅವರ ಮಂಡಿನೋವಿಗೆ, ನಾನು ಊಟಕ್ಕೆ ಏನು ತಿಂದೆ ಎಂಬಲ್ಲಿಗೆ ಹೋಗುತ್ತಿತ್ತು. ನನ್ನ ಯೋಜನೆ ಶುರುವಾದ ದಿನ ಯಾವುದೆಂದು ಯಾರಾದರೂ ಕೇಳಿದ್ದರೆ ಅವರ ಮೊದಲ ಫೋನು ಬಂದ ದಿನ ಎಂದು ತುಂಬುತ್ತಿದ್ದೆ.

ಒಮ್ಮೆ ಮೇಡಂ ದನಿಯಲ್ಲಿ ಅವರಿಗೆ ಫೋನು ಮಾಡಿದೆ. “ರಿಜಿಸ್ಟರ್ ಇನ್ನೂ ಯಾಕ್ ಕಳ್ಸಿಲ್ಲ?”

“ನಮಸ್ಕಾರ ಮೇಡಂ, ಕಳಿಸ್ತೀನಿ ಮೇಡಂ. ಆದ್ರೆ ನಿಮ್ಮಲ್ಲೊಬ್ಬ ಕೋತಿ ಇದಾನಲ್ಲ, ಅವನ ಕೈಗೆ ಕೊಡ್ಬೇಡಿ ಮೇಡಂ. ಹೆಂಗಸರ ದನೀಲಿ ಫೋನ್ ಮಾಡೋ ಕಾಯಿಲೆ ಅವನಿಗೆ. ಪಾಪ, ಹುಡುಗ ಒಳ್ಳೇವ್ನೇ.”

ಎಲ್ಲ ಸೇರಿಸಿದ ಮೇಲೆ ಪರೀಕ್ಷೆಗೆಂದು ನನ್ನದೇ ಒಂದು ದಾಖಲೆ ಮಾಡಿದೆ. ಈ ನಮೂನೆಯಲ್ಲಿ ಮನುಷ್ಯ ಸುಮ್ಮನೆ ಇರಲು ಆಗುವುದಿಲ್ಲ. ಯಾವುದಾದರೂ ಯೋಜನೆಗೋ ಇನ್ನೊಬ್ಬ ಮನುಷ್ಯನಿಗೋ ಅವನನ್ನು ಜೋಡಿಸಬೇಕು, ಯಾವ ಪಾತ್ರ, ಯಾವತ್ತಿನಿಂದ ಯಾವತ್ತಿನವರೆಗೆ ಎಂದು ಹೇಳಬೇಕು. ನನ್ನನ್ನು ಗುಮಾಸ್ತರಿಗೆ ಜೋಡಿಸೋಣವೆಂದು ಪಾತ್ರಗಳ ಪಟ್ಟಿ ಪೂರ್ತಿ ನೋಡಿದೆ. ಮಾರ್ಗದರ್ಶಕ ಇತ್ತು, ಸಹಲೇಖಕ ಇತ್ತು, ಸಂಪಾದಕ ಇತ್ತು. ಫೋನು ಮಾಡುವವರು ಇರಲಿಲ್ಲ. ‘ಈ ವ್ಯಕ್ತಿ ಯಾವುದಕ್ಕೂ ಜೋಡಣೆಯಾಗಿಲ್ಲ, ಅಳಿಸಬಹುದೇ?’ ಎಂದು ಪರದೆ ಕೇಳಿತು. ಕಂಪ್ಯೂಟರಿಗೂ ನನ್ನನ್ನು ಗೇಲಿ ಮಾಡುವುದು ಬರುತ್ತದೆಂದು ಅವತ್ತು ತಿಳಿಯಿತು.

ಕೊನೆಯ ಸಲ ಚಿಂತಾಮಣಿಗೆ ಹೋದಾಗ ಗುಮಾಸ್ತರು ನನ್ನ ಎರಡೂ ಕೈ ಹಿಡಿದುಕೊಂಡರು. “ಇಷ್ಟು ದಿನ ನಿನ್ನ ತಲೆ ತಿಂದೆ ಅಬ್ಬಾಯಿ. ಇನ್ಮೇಲೆ ಎಲ್ಲಾ ತಾನೇ ಹೋಗುತ್ತಲ್ಲ, ಫೋನ್ ಮಾಡಿ ತೊಂದರೆ ಕೊಡಲ್ಲ. ಆಣೆಗೂ ಕೊಡಲ್ಲ.”

ವಾಪಸ್ ಬರುವ ಬಸ್ಸಿನಲ್ಲಿ ಅವರ ದನಿಯಲ್ಲಿ ಈ ಮಾತನ್ನು ಎರಡು ಸಲ ಹೇಳಿಕೊಂಡೆ. ಪಕ್ಕದ ಸೀಟಿನ ಹೆಂಗಸು ಎದ್ದು ಮುಂದೆ ಹೋದರು.

ಮಾರನೆಯ ಬೆಳಗ್ಗೆ ಹೊಂದಿಕೆ ಪಟ್ಟಿಯನ್ನು ಕೊನೆಯ ಬಾರಿ ಕಂಪ್ಯೂಟರಿಗೆ ಏರಿಸಬೇಕಿತ್ತು. ಏರಿಸುವ ಮುಂಚೆ ಅದರಿಂದ ಒಂದು ಸಾಲು ತೆಗೆದೆ. ಚಿಂತಾಮಣಿಯ ರಿಜಿಸ್ಟರಿನಲ್ಲಿ ಬೇರೆ ಸಂಸ್ಥೆಯಿಂದ ಬಂದು ಕೂಡಿ ಕೆಲಸ ಮಾಡಿದವರ ಮುಂದೆ ‘ಜೊತೆ’ ಎಂದು ಬರೆದಿರುತ್ತದೆ. ಆ ಪದದ ಸಾಲು. ಅದಿಲ್ಲದಿದ್ದರೆ ಅಂಥ ದಾಖಲೆ ಮುಂದೆ ಹೋಗದೆ ನಿಲ್ಲುತ್ತದೆ, ಗುಮಾಸ್ತರ ಪರದೆಯ ಮೇಲೆ ಕೆಂಪಕ್ಷರದಲ್ಲಿ ‘ಈ ಪದ ತಿಳಿಯಲಿಲ್ಲ, ಚಿಕ್ಕಬಳ್ಳಾಪುರಕ್ಕೆ ಫೋನು ಮಾಡಿ’ ಎಂದು ಬರುತ್ತದೆ. ಆ ಕೆಂಪಕ್ಷರವನ್ನೂ, ಅದರ ಕೆಳಗಿನ ನಂಬರನ್ನೂ ಹಾಕಿದವನು ನಾನೇ. ಹೊರಗಿನವರು ಅಲ್ಲಿ ಅಪರೂಪ. ಹದಿನೈದು ದಿನಕ್ಕೊಂದು ಫೋನು ಬಂದೀತು, ಬಂದ ಕೂಡಲೆ ಆ ಒಂದು ದಾಖಲೆಯನ್ನು ಕೈಯಾರೆ ಮುಂದಕ್ಕೆ ಕಳಿಸೋಣ, ಯಾರಿಗೇನು ನಷ್ಟ? ಹೀಗೆ ನನಗೆ ನಾನೇ ಹೇಳಿಕೊಂಡೆ. ನನ್ನ ದನಿಯಲ್ಲಿ ಅಲ್ಲ, ಮೇಷ್ಟ್ರ ದನಿಯಲ್ಲಿ. ಅರ್ಥ ಆಯ್ತಲ್ಲ?

ಫೋನು ಬರಲಿಲ್ಲ.

ಒಂದು ವಾರ ಕಾದೆ. ಎರಡು ವಾರ. ಗೌರಿಬಿದನೂರಿನ ಪಟ್ಟಿ ಚಿಂತಾಮಣಿಗೆ, ಚಿಂತಾಮಣಿಯದು ನಮಗೆ, ಎಲ್ಲ ತಮ್ಮಷ್ಟಕ್ಕೆ ಓಡಾಡುತ್ತಿದ್ದವು. ಬಸ್ಸು ಹತ್ತುವ ಕೆಲಸ ಯಾರಿಗೂ ಇರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಹಳೆಯ ಕಡತಗಳ ಕೋಣೆಗೆ ಹೋಗಿ ಕೂರುತ್ತಿದ್ದೆ. ಒಂದು ದಿನ ಮೇಡಂ ಬಾಗಿಲು ತಟ್ಟಿದರು.

“ಯಾರಿದಾರೆ ಒಳಗೆ? ಮೀಟಿಂಗ್ ನಡೀತಿದ್ಯಾ?”

“ಇಲ್ಲ ಮೇಡಂ, ಯಾರೂ ಇಲ್ಲ.”

“ಮೂರು ಜನ ಮಾತಾಡ್ತಿದ್ರಲ್ಲ.”

“ಮೂರೂ ನಾನೇ ಮೇಡಂ.”

ಅವರು ಬಾಗಿಲು ತೆರೆದು ಒಳಗೆಲ್ಲ ಕಣ್ಣಾಡಿಸಿದರು. “ನಾನೂ ಇದ್ನಾ?”

“ಇದ್ರಿ ಮೇಡಂ.”

ಬೈಯುತ್ತಾರೆ ಅಂದುಕೊಂಡೆ. ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಎಳೆದುಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮೂರನೇ ವಾರದ ಕೊನೆಯಲ್ಲಿ ಫೋನು ಬಂತು. ಮಾಡಿದವರು ಶಿಡ್ಲಘಟ್ಟದ ಅಕ್ಕ. ಅಲ್ಲಿಯವರೆಗೆ ಅವರು ನನಗೆ ಒಂದು ಸಲವೂ ಫೋನು ಮಾಡಿರಲಿಲ್ಲ.

“ನನ್ನ ಮೂರು ವರ್ಷದ ಕೆಲಸ ನಿಮ್ಮ ಪಟ್ಟೀಲಿ ಇಲ್ವಲ್ಲಪ್ಪ.”

“ಯಾವ ಕೆಲಸ ಅಕ್ಕ?”

“ಹಿಪ್ಪುನೇರಳೆ ಸೊಪ್ಪಿನ ಎಲೆಚುಕ್ಕೆ ರೋಗದ್ದು. ಚಿಂತಾಮಣಿ ತೋಟದಲ್ಲಿ ಮಾಡಿದ್ದು. ಮೇಲಿನ ಹುದ್ದೆಗೆ ಅರ್ಜಿ ಹಾಕ್ತಿದ್ದೀನಿ, ನಾಳೆ ಕೊನೇ ದಿನ. ಕೆಲಸದ ವಿವರ ಪಟ್ಟಿಯಿಂದಾನೇ ಬರ್ಬೇಕಂತೆ, ಕೈಯಲ್ಲಿ ಬರ್ಯಂಗಿಲ್ಲ. ಮುಂಚೆ ಆಗಿದ್ರೆ ಬಸ್ ಹತ್ತಿ ಹೋಗಿ ಒಂದು ಕಾಗದ ಬರೆಸ್ಕೊಂಡ್ ಬರ್ತಿದ್ದೆ.” ಆಮೇಲೆ, “ದಿನಾ ನೋಡ್ತಿದ್ದೀನಿ. ನಾನು ಆ ಕೆಲಸ ಮಾಡೇ ಇಲ್ವೇನೋ ಅಂತ ನನಗೇ ಅನುಮಾನ ಬರಂಗಾಗಿದೆ,” ಎಂದರು.

ಚಿಂತಾಮಣಿಯ ರಿಜಿಸ್ಟರಿನಲ್ಲಿ ಅಕ್ಕನ ಹೆಸರಿನ ಮುಂದೆ ‘ಜೊತೆ’ ಎಂದಿತ್ತು. ತೆಗೆದಿದ್ದ ಸಾಲನ್ನು ಮತ್ತೆ ಸೇರಿಸಲು ಐದು ನಿಮಿಷ ಸಾಕಾಯಿತು. ನಿಂತಿದ್ದ ದಾಖಲೆ ಚಿಂತಾಮಣಿಯಿಂದ ಹೊರಟು ಶಿಡ್ಲಘಟ್ಟಕ್ಕೆ ಮುಟ್ಟಿತು. ಅಕ್ಕನ ಹೆಸರು, ಪಾತ್ರ, ಯಾವತ್ತಿನಿಂದ ಯಾವತ್ತಿನವರೆಗೆ, ಎಲ್ಲ ಇತ್ತು. ಸಂಜೆಯೊಳಗೆ ಮತ್ತೆ ಫೋನು ಮಾಡಿ, “ಬಂತು ಕಣಪ್ಪ. ನೀವಿಲ್ದೆ ಇದ್ದಿದ್ರೆ ಏನ್ ಗತಿ,” ಎಂದರು. ನಾನು “ಪರವಾಗಿಲ್ಲ ಅಕ್ಕ” ಎಂದೆ. ಯಾರ ದನಿಯಲ್ಲಿ ಹೇಳಿದೆನೋ ತಿಳಿಯದು.

ಆ ಕೂಡಲೆ ಗುಮಾಸ್ತರಿಗೆ ಫೋನು ಮಾಡಿದೆ. “ಕೆಂಪಕ್ಷರ ಬಂದಿತ್ತಲ್ಲ ಸಾರ್, ಯಾಕೆ ಫೋನ್ ಮಾಡ್ಲಿಲ್ಲ?”

“ಬಂದಿತ್ತಪ್ಪ. ನಿನಗೆ ತೊಂದರೆ ಕೊಡಲ್ಲ ಅಂತ ಆಣೆ ಇಟ್ಟಿದ್ನಲ್ಲ. ಇಷ್ಟು ಚೆನ್ನಾಗಿ ಮಾಡಿದಾನೆ, ಸಾಯಂಕಾಲಕ್ಕೆ ತಾನೇ ಸರಿಹೋಗುತ್ತೆ ಅಂತ ಬಿಟ್ಟೆ. ಅದು ಹೋಗ್ಲಿಲ್ವಾ?”

ಆಗ ಹೇಳಿದೆ. ಸಾಲು ತಪ್ಪಿ ಹೋದದ್ದಲ್ಲ, ನಾನೇ ತೆಗೆದದ್ದು. ನಿಮ್ಮ ಫೋನು ನಿಂತುಹೋಗುತ್ತದೆ ಎಂದು ತೆಗೆದದ್ದು. ಈ ಊರಿಗೆ ಬಂದ ಮೇಲೆ ನನ್ನ ಜೊತೆ ಮಾತಾಡುತ್ತಿದ್ದವರು ನೀವೊಬ್ಬರೇ ಎಂದು. ಹೇಳುತ್ತಾ ಹೋದಂತೆ ದನಿ ಸಣ್ಣದಾಯಿತು, ಒಂದೆರಡು ಕಡೆ ನಿಂತೂ ಹೋಯಿತು.

ಆ ಕಡೆಯಿಂದ ದೊಡ್ಡ ನಗು. “ಇದ್ಯಾರದಪ್ಪ ದನಿ? ಇದನ್ನ ಕೇಳೇ ಇಲ್ವಲ್ಲ ನಾನು! ಬಲೇ ಚೆನ್ನಾಗಿದೆ. ಇನ್ನೊಂದ್ಸಲ ಮಾಡು.”

ಇನ್ನೊಂದು ಸಲ ಹೇಳಿದೆ. ನಡುವೆಯೇ ಅವರ ನಗು ನಿಂತಿತು. ಎಲೆಅಡಿಕೆ ಉಗಿದು ಬಂದು ಮತ್ತೆ ಫೋನು ಹಿಡಿದದ್ದು ಕೇಳಿಸಿತು. ಬಾಯಿ ಖಾಲಿ ಇದ್ದಾಗಿನ ಅವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

“ಫೋನ್ ಬೇಕಾಗಿದ್ರೆ ಫೋನ್ ಮಾಡೋದಲ್ವೇನಪ್ಪ. ಆ ಯಮ್ಮನ ಕೆಲಸ ಯಾಕೆ ತಡೆದೆ?”

“ತಪ್ಪಾಯ್ತು ಸಾರ್.”

“ನನಗಲ್ಲ. ಹೋಗಿ ಅವರಿಗೆ ಹೇಳು.”

ಮಾರನೆಯ ದಿನ ಶಿಡ್ಲಘಟ್ಟಕ್ಕೆ ಹೋದೆ. ಅಕ್ಕ ಪ್ರಯೋಗಾಲಯದ ಹಿಂದಿನ ಹುಳದ ಮನೆಯಲ್ಲಿದ್ದರು. ನನ್ನನ್ನು ಹೊಸ್ತಿಲಾಚೆಯೇ ನಿಲ್ಲಿಸಿದರು. ಅದು ನನಗೆ ಹೊಸದೇನಲ್ಲ. ಅಲ್ಲಿಂದಲೇ ಎಲ್ಲ ಹೇಳಿದೆ. ಒಳಗೆ ಹುಳಗಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಅವರು ಕೈ ಒರೆಸಿಕೊಂಡು ಬಾಗಿಲ ಹತ್ತಿರ ಬಂದರು.

“ಹಳೇ ನೋಟ್‌ಬುಕ್ಕೆಲ್ಲಾ ತೆಗೆದು ನೋಡ್ದೆ ಗೊತ್ತಾ, ನಾನು ನಿಜವಾಗ್ಲೂ ಅಲ್ಲಿಗೆ ಹೋಗಿದ್ನಾ ಅಂತ. ಬಸ್ ಟಿಕೆಟ್ ಏನಾದ್ರೂ ಇದ್ಯಾ ಅಂತ ಹುಡುಕ್ದೆ. ನಿನಗೆ ಮಾತಾಡೋಕೆ ಜನ ಬೇಕು ಅಂತ.” ಸಿಟ್ಟಿನಲ್ಲಿ ಅವರ ದನಿ ಏರಲಿಲ್ಲ. ಪ್ರತಿ ಮಾತಿನ ಕೊನೆ ಸ್ವಲ್ಪ ಒಳಕ್ಕೆ ಎಳೆದುಕೊಂಡಿತು, ಅಷ್ಟೆ. “ನನಗೆ ಮಾತ್ರ ಇಲ್ಲಿ ಜನ ತುಂಬಿ ತುಳುಕ್ತಿದಾರಾ? ಹೋಗಪ್ಪ. ಸೊಪ್ಪು ಹಾಕೋ ಹೊತ್ತು.”

ಬಸ್ಸಿನಲ್ಲಿ ಕೂತಾಗ ಫೋನು ಬಂತು. ಗುಮಾಸ್ತರು.

“ಏಮಪ್ಪಾ, ಹೇಳಿದ್ಯಾ?”

“ಹೇಳ್ದೆ ಸಾರ್.”

“ಏನಂದ್ರು? ಹೆಂಗಂದ್ರು? ಅವರ ಥರಾನೇ ಅಂದು ತೋರ್ಸು.”

ಅಕ್ಕನ ದನಿ ಅಷ್ಟು ಹೊತ್ತಿಗೆ ನನ್ನ ನಾಲಿಗೆಯ ಮೇಲೆ ಬಂದು ಕೂತಿತ್ತು, ಆ ಒಳಕ್ಕೆ ಎಳೆದುಕೊಳ್ಳುವ ಕೊನೆಯ ಸಮೇತ.

“ಅವರದು ನನಗೆ ಬರಲ್ಲ ಸಾರ್,” ಎಂದೆ.

“ಸರಿ ಬಿಡು. ಊಟ ಮಾಡು,” ಎಂದು ಇಟ್ಟುಬಿಟ್ಟರು.

ಅರ್ಜಿ ಏನಾಯಿತೆಂದು ಅಕ್ಕನನ್ನು ಕೇಳುವ ಮುಖ ನನಗಿಲ್ಲ. ಕೇಳಬೇಕಾಗಿಯೂ ಇಲ್ಲ. ಅವರಿಗೆ ಹುದ್ದೆ ಸಿಕ್ಕರೆ ಅವರ ದಾಖಲೆಗೆ ಹೊಸ ಪಾತ್ರ, ಹೊಸ ತಾರೀಖು ಸೇರುತ್ತದೆ. ಸೇರಿದ ದಿನವೇ ಅದು ತಾನಾಗಿ ನನ್ನ ಪರದೆಗೂ ಬರುತ್ತದೆ. ಬೆಳಗ್ಗೆ ಕಚೇರಿಗೆ ಹೋದವನು ಚೀಲ ಇಳಿಸುವ ಮುಂಚೆ ಅದನ್ನೇ ತೆಗೆದು ನೋಡುತ್ತೇನೆ. ಇವತ್ತೂ ನೋಡಿದೆ. ಇನ್ನೂ ಬಂದಿಲ್ಲ.